ಪಶ್ಚಾತ್ತಾಪವೂ ಪ್ರಾಯಶ್ಚಿತ್ತವೂ: ಪಾಶ್ಚಾತ್ಯ ಕ್ರೈಸ್ತಸಭೆಯಲ್ಲಿ ಪಾಪಕ್ಷಮೆಯ ಇತಿಹಾಸ

೧

ಕ್ರೈಸ್ತರು ಆರಾಧನೆಯಲ್ಲಿ ಪಠಿಸುವ ‘ಅಪೊಸ್ತಲರ ವಿಶ್ವಾಸಪ್ರಮಾಣ’ವೆಂಬ ಸಂಗ್ರಹದಲ್ಲಿ ಪಾಪಕ್ಷಮೆಯ ನಂಬಿಕೆಯೂ ಒಂದು ಅಂಗವಾಗಿ ಸೇರಿದೆ. ಕ್ರೈಸ್ತಧರ್ಮದ ಪ್ರಧಾನ ಶಾಖೆಗಳಲ್ಲಿ ಯಾವುದೂ ಈ ಅಂಗವನ್ನು ಅಲ್ಲಗಳೆದುದಿಲ್ಲ. ಹೀಗಿದ್ದರೂ, ಪಾಶ್ಚಾತ್ಯ ಕ್ರೈಸ್ತಸಭೆಯು ಒಡೆದುಹೋದ ಸಂದರ್ಭಗಳಲ್ಲಿ ಬಹು ಮುಖ್ಯವಾದ ಎರಡು, ಎಂದರೆ ಮೂರನೆಯ ಶತಮಾನದ ನೊವೇಷಿಯನ್ನನ ಭೇದ ಮತ್ತು ಹದಿನಾರನೆಯ ಶತಮಾನದ ಲೂಥರನ ಸುಧಾರಣೆ, ಪಾಪಕ್ಷಮೆಯ ವಿಷಯದಲ್ಲೇ ಮೊದಲಾದವು. ಎಲ್ಲರೂ ಒಪ್ಪಿದ ಒಂದು ತತ್ತ್ವದಿಂದ ಇಂಥ ಕಲಹಗಳು ಹುಟ್ಟಿದುದು ಹೇಗೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಸಂಕ್ಷೇಪವಾಗಿ ಹೇಳುವುದಾದರೆ, ದೇವರು ಕ್ಷಮಿಸುವನೇ ಎಂಬ ಬಗ್ಗೆ ವಾದವಿರಲಿಲ್ಲ. ತಪ್ಪುಮಾಡಿದವನ ಮನಸ್ಸಿನೊಳಗೆ ಆಗುವ ಪರಿವರ್ತನೆಗೂ, ಸಭೆಯ ಕಣ್ಣಿಗೆ ಕಾಣುವಂತೆ ಅವನು ಹೊರಗೆ ಮಾಡುವ ಕರ್ಮಕ್ಕೂ ಇರುವ ಸಂಬಂಧವೇನು ಎಂಬುದೇ ಪ್ರತಿಯೊಂದು ವಿವಾದದ ಬುಡದಲ್ಲಿದ್ದ ಪ್ರಶ್ನೆ. ಈ ಎರಡನ್ನೂ ಲ್ಯಾಟಿನ್ ಭಾಷೆಯು ‘ಪೆನಿಟೆನ್ಷಿಯ’ ಎಂಬ ಒಂದೇ ಶಬ್ದದಿಂದ ಹೇಳುತ್ತಿತ್ತು. ಶಬ್ದವು ಒಂದಾಗಿದ್ದುದರಿಂದ, ಸಭೆಯ ಆಚಾರವು ಶತಮಾನಗಳ ಅವಧಿಯಲ್ಲಿ ಒಂದು ಅರ್ಥದಿಂದ ಮತ್ತೊಂದಕ್ಕೆ ಸರಿದುಹೋದುದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಭಾಷಾಂತರದ ಕಷ್ಟವನ್ನು ಬಲ್ಲ ಸಾಹಿತ್ಯಾಧ್ಯಾಪಕರಿಗೆ ಈ ಇತಿಹಾಸವು ಮತವಿಚಾರದ ಹೊರಗೂ ಪ್ರಯೋಜನಕರವಾದೀತೆಂದು ನಂಬುತ್ತೇನೆ.

ಮೊದಲು ಶಬ್ದಗಳನ್ನು ನೋಡೋಣ. ಯೇಸುವು ಆಡುತ್ತಿದ್ದ ಅರಮೇಯಿಕ್ ಭಾಷೆಯಲ್ಲಿ ‘ಹೋಬಾ’ ಎಂಬುದಕ್ಕೆ ಸಾಲವೆಂದೂ ಪಾಪವೆಂದೂ ಅರ್ಥವುಂಟು. ಕರ್ತನ ಪ್ರಾರ್ಥನೆಯು ಮತ್ತಾಯನ ಸುವಾರ್ತೆಯಲ್ಲಿ ಸಾಲಗಳನ್ನು ಕುರಿತು ಹೇಳಿದರೆ, ಲೂಕನಲ್ಲಿ ಪಾಪಗಳನ್ನು ಕುರಿತು ಹೇಳುತ್ತದೆ. ಈ ವ್ಯತ್ಯಾಸಕ್ಕೆ ಮೂಲಶಬ್ದದ ದ್ವ್ಯರ್ಥವೇ ಕಾರಣವೆಂದು ವಿದ್ವಾಂಸರು ಸಾಮಾನ್ಯವಾಗಿ ಊಹಿಸುತ್ತಾರೆ. ಕ್ಷಮೆಗೆ ಹೊಸ ಒಡಂಬಡಿಕೆಯು ಬಳಸುವ ಗ್ರೀಕ್ ಶಬ್ದ ‘ಅಫೆಸಿಸ್’. ಬಿಟ್ಟುಬಿಡುವುದು, ಬಿಡುಗಡೆಮಾಡುವುದು ಎಂದು ಇದರ ಅರ್ಥ. ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರದಲ್ಲಿ, ದಾಸರು ಬಿಡುಗಡೆ ಹೊಂದಿ ಅಡವಾದ ಭೂಮಿಯು ಮೂಲದವರಿಗೆ ಹಿಂತಿರುಗುವ ಐವತ್ತನೆಯ ವರ್ಷದ ಮಹೋತ್ಸವಕ್ಕೂ ಇದೇ ಶಬ್ದವು ಬಂದಿದೆ. ಹೀಗೆ ಕ್ಷಮೆಯೆಂದರೆ ಮೊದಲಿಗೆ ಋಣವಿಮೋಚನೆ.

ಈ ವಿಮೋಚನೆಗೆ ಮನುಷ್ಯನ ಕಡೆಯಿಂದ ಬೇಕಾದುದನ್ನು ಗ್ರೀಕ್ ಗ್ರಂಥವು ‘ಮೆತನೊಯ’ ಎನ್ನುತ್ತದೆ. ಮನಸ್ಸನ್ನು ಮಾರ್ಪಡಿಸಿಕೊಳ್ಳುವುದು ಎಂದು ಇದರ ಶಬ್ದಾರ್ಥ. ಇದರ ಹಿಂದೆ ‘ಶೂಬ್’ ಎಂಬ ಹೀಬ್ರೂ ಧಾತುವಿನ ನೆರಳಿದೆ. ದಾರಿ ತಪ್ಪಿದವನು ಹಿಂದಿರುಗಿ ಬರುವುದನ್ನು ಆ ಧಾತುವು ಹೇಳುತ್ತದೆ. ಲ್ಯಾಟಿನ್ ಭಾಷಾಂತರಕಾರರು ಮೆತನೊಯಕ್ಕೆ ಪೆನಿಟೆನ್ಷಿಯ ಎಂಬ ಶಬ್ದವನ್ನು ಇಟ್ಟುದಲ್ಲದೆ, ಕ್ರಿಯಾಪದವಿದ್ದ ಎಡೆಗಳಲ್ಲಿ ‘ಮಾಡು, ನಡಸು’ ಎಂಬ ಅರ್ಥದ ಕ್ರಿಯೆಯನ್ನು ಅದಕ್ಕೆ ಕೂಡಿಸಿದರು. ‘ಮನಸ್ಸು ತಿರುಗಲಿ’ ಎಂಬುದು ಈ ರೀತಿಯಾಗಿ ‘ಪೆನಿಟೆನ್ಷಿಯವನ್ನು ಮಾಡಿರಿ’ ಎಂದಾಯಿತು. ಕಾಲಕ್ರಮದಲ್ಲಿ ಆ ಶಬ್ದವನ್ನು ದಂಡವೆಂಬ ಅರ್ಥದ ‘ಪೀನ’ ಶಬ್ದದೊಡನೆಯೂ ಜನರು ಸಂಬಂಧಿಸಿದರು. ಮುಂದಿನ ಸಾವಿರ ವರ್ಷಗಳ ಬೀಜವು ಇಲ್ಲಿದೆ.

೨

ದೀಕ್ಷಾಸ್ನಾನದಲ್ಲಿ ಹಿಂದಿನ ಪಾಪಗಳೆಲ್ಲವೂ ತೊಳೆದುಹೋಗುವುವೆಂದು ಆದಿಸಭೆಯು ನಂಬಿತ್ತು. ಸ್ನಾನವಾದ ಮೇಲೆ ಘೋರಪಾಪದಲ್ಲಿ ಬಿದ್ದವನ ಗತಿಯೇನು? ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ, ಒಮ್ಮೆ ಬೆಳಕನ್ನು ಕಂಡು ಬಿದ್ದುಹೋದವರನ್ನು ಪುನಃ ತಿರುಗಿಸುವುದು ಅಸಾಧ್ಯವೆಂಬ ಕಠಿನವಾದ ಮಾತಿದೆ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ಬರೆಯಲ್ಪಟ್ಟ ಹರ್ಮಾಸನ ‘ಕುರುಬ’ ಎಂಬ ಗ್ರಂಥವು ಅಂಥವರಿಗೆ ಇನ್ನೊಂದೇ ಒಂದು ಅವಕಾಶವುಂಟೆಂದು ಸಾರಿತು. ಆಫ್ರಿಕದ ಟೆರ್ಟುಲ್ಲಿಯನ್ನನು ಮೂರನೆಯ ಶತಮಾನದ ಆದಿಯಲ್ಲಿ ಇದನ್ನೇ ಒಪ್ಪಿ, ಗೋಣಿಯುಟ್ಟು ಬೂದಿಯಲ್ಲಿ ಹೊರಳಿ ಸಭೆಯ ಹಿರಿಯರ ಮುಂದೆ ಮೊಣಕಾಲೂರುವ ಪಶ್ಚಾತ್ತಪ್ತರ ಚಿತ್ರವನ್ನು ಕೊಟ್ಟಿದ್ದಾನೆ. ತರುವಾಯ ಕಟ್ಟುನಿಟ್ಟಿನ ಮೊಂಟಾನಿಸ್ಟ್ ಪಂಥವನ್ನು ಸೇರಿದ ಅವನೇ, ಕೊಲೆ, ವ್ಯಭಿಚಾರ, ವಿಗ್ರಹಾರಾಧನೆ ಇವುಗಳನ್ನು ಕ್ಷಮಿಸುವ ಅಧಿಕಾರವು ಬಿಷಪರಿಗೆ ಇಲ್ಲವೆಂದು ಬರೆದನು.

ಈ ವಾದಗಳಲ್ಲಿ ಚರ್ಚಿತನಾದ ಪಾಪಿಯು ಎಲ್ಲಿಯೋ ಒಬ್ಬನು. ೨೫೦ನೆಯ ಇಸವಿಯಲ್ಲಿ ಇಡಿಯ ಸಭೆಗಳೇ ಪಾಪಿಗಳ ಸ್ಥಾನದಲ್ಲಿ ನಿಂತುವು. ಚಕ್ರವರ್ತಿ ಡೀಸಿಯಸ್ಸನು ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯನ್ನು ಅರ್ಪಿಸಿ, ಅರ್ಪಿಸಿದುದಕ್ಕೆ ಅಧಿಕಾರಿಗಳಿಂದ ಪತ್ರವನ್ನು ಪಡೆಯತಕ್ಕದ್ದೆಂದು ಆಜ್ಞೆಯಿತ್ತನು. ಅಂಥ ಪತ್ರಗಳು ನಲವತ್ತಕ್ಕೂ ಮಿಕ್ಕಿ ಈಜಿಪ್ಟಿನ ಮರಳಿನಲ್ಲಿ ಉಳಿದು, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ವಿದ್ವಾಂಸರ ಕೈಸೇರಿವೆ. ತಾನು ಯಾವಾಗಲೂ ದೇವತೆಗಳಿಗೆ ಬಲಿಯನ್ನಿತ್ತವನೆಂದೂ, ಈಗ ಅಧಿಕಾರಿಗಳ ಎದುರಿಗೇ ಪಾನವನ್ನೆರೆದು ಬಲಿಮಾಂಸವನ್ನು ರುಚಿನೋಡಿದೆನೆಂದೂ ಅರ್ಜಿದಾರನು ಹೇಳಿಕೊಳ್ಳುವ ಒಂದೇ ಮಾದರಿಯ ಪತ್ರಗಳಿವು. ಕ್ರೈಸ್ತರಲ್ಲಿ ಕೆಲವರು ಸೆರೆಗೂ ಸಾವಿಗೂ ಸಿದ್ಧರಾದರು. ಅನೇಕರು ಬಲಿಯಿತ್ತರು. ಇನ್ನು ಕೆಲವರು ಬಲಿಯನ್ನು ಕೊಡದೆಯೇ ಲಂಚದಿಂದಲೋ ಪರಿಚಯದಿಂದಲೋ ಪತ್ರವನ್ನು ಮಾತ್ರ ಸಂಪಾದಿಸಿದರು.

ಕಾರ್ತೇಜಿನ ಬಿಷಪನಾದ ಸಿಪ್ರಿಯನ್ನನು ಆಗ ಊರನ್ನು ಬಿಟ್ಟು ಮರೆಯಾಗಿದ್ದನು. ಹಿಂಸೆಯ ಬಿರುಸು ತಗ್ಗುತ್ತಲೇ ಬಿದ್ದವರು ಸಭೆಯ ಬಾಗಿಲಿಗೆ ಬಂದರು. ಅವರು ಹಿಡಿದು ಬಂದುದು ಮತ್ತೊಂದು ಬಗೆಯ ಪತ್ರವನ್ನು. ಸೆರೆಯಲ್ಲಿ ನರಳಿದ ಧೀರರು ಬಿದ್ದವರಿಗಾಗಿ ಬೇಡಿದರೆ ದೇವರು ಕೇಳುವನೆಂಬ ನಂಬಿಕೆಯು ಆಫ್ರಿಕದಲ್ಲಿ ಬಲವಾಗಿತ್ತು. ಆ ಧೀರರು ‘ಶಾಂತಿಪತ್ರ’ಗಳನ್ನು ಧಾರಾಳವಾಗಿ ಬರೆದುಕೊಟ್ಟಿದ್ದರು. ಒಬ್ಬನ ಹೆಸರನ್ನು ಬರೆದು ‘ಅವನ ಕಡೆಯವರೂ’ ಎಂದು ಸೇರಿಸಿದರೆ ಇಪ್ಪತ್ತು ಮೂವತ್ತು ಜನರು ಅದರ ಬಲದಿಂದ ಒಳಗೆ ಬರಬಹುದೆಂದು ಸಿಪ್ರಿಯನ್ನನು ಕಾಗದಗಳಲ್ಲಿ ಆಕ್ಷೇಪಿಸಿದ್ದಾನೆ. ಚಕ್ರವರ್ತಿಗೆ ಒಂದು ಪತ್ರ, ಸಭೆಗೆ ಒಂದು ಪತ್ರ, ನಡುವೆ ಮನಸ್ಸು ಎಲ್ಲಿ ಎಂಬ ಸಂಕಟವು ಆ ಕಾಗದಗಳಲ್ಲಿ ಎದ್ದುಕಾಣುತ್ತದೆ.

೨೫೧ರಲ್ಲಿ ಕಾರ್ತೇಜಿನಲ್ಲಿ ಕೂಡಿದ ಬಿಷಪರ ಪರಿಷತ್ತು ಮಧ್ಯಮಮಾರ್ಗವನ್ನು ಹಿಡಿಯಿತು. ಪತ್ರವನ್ನು ಮಾತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿಯಿತ್ತವರು ದೀರ್ಘಕಾಲದ ಪಶ್ಚಾತ್ತಾಪವನ್ನು ನಡಸುವುದು. ಅವರಿಗೆ ಮರಣವು ಸಮೀಪಿಸಿದರೆ ಪ್ರಭುಭೋಜನವನ್ನು ನಿರಾಕರಿಸದಿರುವುದು. ಒಂದೆರಡು ವರ್ಷಗಳಲ್ಲಿ ಹೊಸ ಹಿಂಸೆಯ ಭಯವು ತಲೆದೋರಲು, ಪಶ್ಚಾತ್ತಾಪದಲ್ಲಿ ನಿಂತಿದ್ದವರೆಲ್ಲರನ್ನೂ ಸೇರಿಸಿಕೊಳ್ಳಲಾಯಿತು. ಯುದ್ಧಕ್ಕೆ ಹೊರಡುವವರನ್ನು ನಿರಾಯುಧರಾಗಿ ಬಿಡಬಾರದೆಂಬುದು ಅದಕ್ಕೆ ಕೊಟ್ಟ ಕಾರಣ. ಸಿಪ್ರಿಯನ್ನನು ತಾನೇ ೨೫೮ರ ಸೆಪ್ಟೆಂಬರ್ ೧೪ರಂದು ಶಿರಚ್ಛೇದಕ್ಕೆ ಗುರಿಯಾದನು.

ರೋಮಿನಲ್ಲಿ ಪಂಡಿತನಾದ ನೊವೇಷಿಯನ್ನನು ಇದನ್ನು ಒಪ್ಪದೆ, ೨೫೧ರಲ್ಲಿ ಬಿಷಪನಾಗಿ ಆರಿಸಲ್ಪಟ್ಟ ಕೊರ್ನೇಲಿಯಸ್ಸನಿಗೆ ಎದುರಾಗಿ ಬೇರೆಯ ಸಭೆಯನ್ನು ಕಟ್ಟಿದನು. ಬಿದ್ದವರು ಪಶ್ಚಾತ್ತಾಪಪಡಲಿ, ಕ್ಷಮೆಯು ದೇವರ ಕೈಯಲ್ಲಿದೆ, ಸಭೆಯು ಮಾತ್ರ ಅವರನ್ನು ತಿರುಗಿ ಸೇರಿಸಕೂಡದು ಎಂಬುದು ಅವನ ಮತ. ಅತ್ತು ಬೇಡುವಂತೆ ಹೇಳಿ ಅಳುವಿನ ಫಲವನ್ನು ಕಿತ್ತುಕೊಳ್ಳುವುದು ಯಾವ ನ್ಯಾಯವೆಂದು ಸಿಪ್ರಿಯನ್ನನು ಪ್ರತಿವಾದಿಸಿದನು. ಇಬ್ಬರೂ ದೈವಕ್ಷಮೆಯನ್ನು ಒಪ್ಪಿದವರೇ ಎಂಬುದನ್ನು ವಾಚಕರು ಗಮನಿಸಬೇಕು. ಮನುಷ್ಯರ ನಡುವೆ ಒಬ್ಬನಿಗೆ ಮತ್ತೆ ಸ್ಥಾನವನ್ನು ಕೊಡುವುದೂ ಕ್ಷಮೆಯ ಅಂಗವೇ ಎಂಬಲ್ಲಿ ಅವರು ಬೇರೆಯಾದರು. ನೊವೇಷಿಯನ್ನನ ಸಭೆಗಳು ಕೆಲವು ಶತಮಾನಗಳ ಕಾಲ ಬಾಳಿ ಅಳಿದವು. ೩೨೫ರ ನೈಸೀಯ ಮಹಾಪರಿಷತ್ತು ಸಾಯುತ್ತಿರುವವನಿಗೆ ಪ್ರಭುಭೋಜನವನ್ನು ತಪ್ಪಿಸಕೂಡದೆಂದು ವಿಧಿಸಿ, ಸಿಪ್ರಿಯನ್ನನ ದಾರಿಯನ್ನೇ ಗಟ್ಟಿಮಾಡಿತು.

೩

ಹೀಗೆ ನೆಲೆಗೊಂಡ ಬಹಿರಂಗ ಪಶ್ಚಾತ್ತಾಪದ ಕ್ರಮದಲ್ಲಿ ಒಳಗಿನದೂ ಹೊರಗಿನದೂ ಬಹುಮಟ್ಟಿಗೆ ಒಂದಾಗಿದ್ದುವು. ಪಾಪಿಯು ಪಶ್ಚಾತ್ತಪ್ತರ ಸಾಲಿನಲ್ಲಿ ಸೇರಿ, ನಿಯಮಿತಕಾಲ ಉಪವಾಸ ಪ್ರಾರ್ಥನೆಗಳನ್ನು ನಡಸಿ, ಅನಂತರ ಬಿಷಪನ ಹಸ್ತದಿಂದ ಸಭೆಗೆ ಸೇರುತ್ತಿದ್ದನು. ರೋಮಿನಲ್ಲಿ ಪಶ್ಚಾತ್ತಪ್ತರು ನೆಲದ ಮೇಲೆ ಬಿದ್ದು ಅಳುತ್ತಿರುವಾಗ ಬಿಷಪನೂ ಅವರೊಡನೆ ನೆಲಕ್ಕೆ ಬಿದ್ದು ಅಳುತ್ತಿದ್ದನೆಂದೂ, ನೆರೆದ ಜನವೆಲ್ಲವೂ ಕಣ್ಣೀರಿಡುತ್ತಿತ್ತೆಂದೂ ಐದನೆಯ ಶತಮಾನದ ಇತಿಹಾಸಕಾರ ಸೊಝೊಮೆನ್ನನು ಬರೆದಿದ್ದಾನೆ. ೩೯೦ರಲ್ಲಿ ಥೆಸಲೊನೀಕದ ಜನರನ್ನು ಕೊಲ್ಲಿಸಿದ ಚಕ್ರವರ್ತಿ ಥಿಯೊಡೋಸಿಯಸ್ಸನಿಗೆ ಮಿಲಾನಿನ ಬಿಷಪನಾದ ಆಂಬ್ರೋಸನು ಇದೇ ಕ್ರಮವನ್ನು ವಿಧಿಸಿದನು. ಚಕ್ರವರ್ತಿಯು ರಾಜಲಾಂಛನಗಳನ್ನು ಕಳಚಿಟ್ಟು ಎಲ್ಲರೆದುರಿಗೆ ಅತ್ತನೆಂದು, ೩೯೫ರಲ್ಲಿ ಅವನ ಮರಣಾನಂತರ ಮಾಡಿದ ಉಪನ್ಯಾಸದಲ್ಲಿ ಆಂಬ್ರೋಸನೇ ನೆನೆದಿದ್ದಾನೆ.

ಆದರೆ ಈ ಕ್ರಮಕ್ಕೆ ಎರಡು ದೊಡ್ಡ ಕುಂದುಗಳಿದ್ದವು. ಜನ್ಮದಲ್ಲಿ ಒಂದೇ ಬಾರಿ ಇದು ದೊರೆಯುತ್ತಿತ್ತು. ಇದಕ್ಕೆ ಒಳಗಾದವನು ಸೈನ್ಯ, ವ್ಯಾಪಾರ, ದಾಂಪತ್ಯ ಇವುಗಳಲ್ಲಿ ಆಜೀವ ನಿರ್ಬಂಧಗಳನ್ನು ಹೊರಬೇಕಾಗಿತ್ತು. ೫೦೬ರಲ್ಲಿ ಗಾಲ್ ದೇಶದ ಆಗ್ದ್ ಪರಿಷತ್ತು, ಎಳೆಯ ವಯಸ್ಸಿನವರಿಗೆ ಇದನ್ನು ಸುಲಭವಾಗಿ ಕೊಡಬಾರದೆಂದು ಎಚ್ಚರಿಸಿತು. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಜನರು ಪಶ್ಚಾತ್ತಾಪವನ್ನು ಮರಣಶಯ್ಯೆಯವರೆಗೂ ಮುಂದೂಡತೊಡಗಿದರು. ಬಾಳನ್ನು ತಿದ್ದಬೇಕಾದುದು ಬಾಳು ಮುಗಿಯುವಾಗ ಮಾಡುವ ಸಂಸ್ಕಾರವಾಯಿತು.

ಇದಕ್ಕೆ ಪರಿಹಾರವು ಬಂದುದು ಯೂರೋಪಿನ ಅಂಚಿನ ಐರ್ಲೆಂಡಿನಿಂದ. ಅಲ್ಲಿನ ಸಂನ್ಯಾಸಿಗಳಲ್ಲಿ, ಶಿಷ್ಯನು ಆತ್ಮಗುರುವಿಗೆ ತನ್ನ ದೋಷಗಳನ್ನು ರಹಸ್ಯವಾಗಿ ನಿವೇದಿಸಿ, ಅವನು ವಿಧಿಸಿದ ತಪಸ್ಸನ್ನು ಮಾಡಿ, ಬೇಕಾದಾಗ ಮತ್ತೆ ನಿವೇದಿಸುವ ಪದ್ಧತಿಯಿತ್ತು. ಆರನೆಯ ಶತಮಾನದ ಫಿನ್ನಿಯನ್, ೫೯೦ರ ಸುಮಾರಿಗೆ ಗಾಲ್ ದೇಶಕ್ಕೆ ಬಂದು ೬೧೫ರಲ್ಲಿ ಇಟಲಿಯ ಬೊಬ್ಬಿಯೊ ಮಠದಲ್ಲಿ ತೀರಿಕೊಂಡ ಕೊಲಂಬಾನಸ್, ಏಳನೆಯ ಶತಮಾನದ ಕಮ್ಮಿಯನ್ ಮೊದಲಾದವರ ಹೆಸರಿನಲ್ಲಿ ಪಶ್ಚಾತ್ತಾಪಸಂಹಿತೆಗಳು ಹುಟ್ಟಿದುವು. ಪ್ರತಿಯೊಂದು ದೋಷಕ್ಕೂ ಇಂತಿಷ್ಟು ದಿನ, ಇಂತಿಷ್ಟು ವರ್ಷ ರೊಟ್ಟಿ ನೀರುಗಳ ವ್ರತವೆಂದು ಅವುಗಳಲ್ಲಿ ಲೆಕ್ಕವಿದೆ. ನಮ್ಮ ಧರ್ಮಶಾಸ್ತ್ರಗಳ ಪ್ರಾಯಶ್ಚಿತ್ತಪ್ರಕರಣಗಳನ್ನು ಓದಿದವರಿಗೆ ಈ ಗ್ರಂಥಗಳ ಧಾಟಿಯು ಪರಿಚಿತವೆನಿಸುವುದು. ಈ ಸಂಹಿತೆಗಳು ಅಂತರಂಗವನ್ನು ಕಡೆಗಣಿಸಿದವೆಂದು ಹೇಳುವುದು ಅನ್ಯಾಯ. ಮನಸ್ಸಿನಲ್ಲಿ ಮಾತ್ರ ತಪ್ಪನ್ನು ನೆನೆದು ಒಡನೆಯೇ ಮರುಗಿದವನು ಎದೆಯನ್ನು ಬಡಿದುಕೊಂಡು ಕ್ಷಮೆಯನ್ನು ಬೇಡಿದರೆ ಸಾಕೆಂದು ಫಿನ್ನಿಯನ್ನನ ಸಂಹಿತೆಯು ಆರಂಭದಲ್ಲೇ ಹೇಳುತ್ತದೆ. ಹೊಟ್ಟೆಬಾಕನಿಗೆ ಉಪವಾಸ, ವಾಚಾಳಿಗೆ ಮೌನ ಎಂಬಂತೆ, ರೋಗಕ್ಕೆ ವಿರುದ್ಧಗುಣದ ಔಷಧವೆಂಬ ವೈದ್ಯತತ್ತ್ವವೇ ಇವುಗಳಿಗೆ ಆಧಾರ.

ಹೊಸ ಪದ್ಧತಿಗೆ ವಿರೋಧವಿಲ್ಲದಿರಲಿಲ್ಲ. ತಪ್ಪುಮಾಡಿದಾಗಲೆಲ್ಲ ಯಾಜಕನಿಂದ ಕ್ಷಮೆಯನ್ನು ಕೇಳುವ ನಡತೆಯನ್ನು ೫೮೯ರಲ್ಲೇ ಸ್ಪೇನಿನ ಟೊಲೆಡೊ ಪರಿಷತ್ತು ಖಂಡಿಸಿತ್ತು. ೮೨೯ರಲ್ಲಿ ಪ್ಯಾರಿಸ್ ಪರಿಷತ್ತು ಈ ಸಂಹಿತೆಗಳನ್ನು ಹುಡುಕಿ ಸುಡಬೇಕೆಂದು ಆಜ್ಞಾಪಿಸಿತು. ಆದರೂ ಪದ್ಧತಿಯು ನಿಂತಿತು, ಏಕೆಂದರೆ ಅದು ಸಾಮಾನ್ಯನಾದ ಮನುಷ್ಯನು ಮತ್ತೆಮತ್ತೆ ಬೀಳುವನೆಂಬುದನ್ನು ಒಪ್ಪಿಕೊಂಡಿತ್ತು. ಲೆಕ್ಕವಿದ್ದ ಕಡೆ ಬದಲಾವಣೆಗೂ ಎಡೆಯುಂಟು. ಒಂದು ವರ್ಷದ ಉಪವಾಸಕ್ಕೆ ಬದಲಾಗಿ ಇಷ್ಟು ಕೀರ್ತನೆಗಳ ಪಠನ, ಇಷ್ಟು ದಾನ ಎಂಬ ಪರಿವರ್ತನೆಗಳು ಬಂದವು. ತಪಸ್ಸು ಅಳತೆಯ ವಸ್ತುವಾಯಿತು, ಅಳೆದುದನ್ನು ವಿನಿಮಯಮಾಡಬಹುದಾಯಿತು.

೪

ಸುಮಾರು ಕ್ರಿ.ಶ. ೧೦೦೦ದ ಹೊತ್ತಿಗೆ ಮತ್ತೊಂದು ಮಾರ್ಪಾಡು ಪೂರ್ತಿಯಾಯಿತು. ಹಿಂದೆ ತಪಸ್ಸು ಮುಗಿದ ಬಳಿಕ ಸಭೆಗೆ ಪುನಃಪ್ರವೇಶವಾಗುತ್ತಿತ್ತು. ಈಗ ಪಾಪನಿವೇದನೆಯಾದೊಡನೆಯೇ ಯಾಜಕನು ವಿಮೋಚನವಾಕ್ಯವನ್ನು ನುಡಿದು, ತಪಸ್ಸನ್ನು ಅನಂತರ ಮಾಡುವಂತೆ ವಿಧಿಸತೊಡಗಿದನು. ನೋಡಲು ಇದು ಪೂರ್ವಾಪರಗಳ ಸಣ್ಣ ವ್ಯತ್ಯಾಸ. ಆದರೆ ಕ್ಷಮೆಯು ಆಗಲೇ ದೊರೆತಿದ್ದರೆ ತಪಸ್ಸು ಏತಕ್ಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹೇಳಬೇಕಾಯಿತು. ಪಾಪದಲ್ಲಿ ದೋಷ, ದಂಡ ಎಂಬ ಎರಡು ಅಂಶಗಳುಂಟು. ದೋಷವೂ ನಿತ್ಯನರಕವೂ ವಿಮೋಚನೆಯಿಂದ ನೀಗುವುವು. ಕಾಲಬದ್ಧವಾದ ದಂಡವು ಉಳಿಯುವುದು. ಅದನ್ನು ಇಲ್ಲಿ ತಪಸ್ಸಿನಿಂದ ಇಲ್ಲವೆ ಮರಣಾನಂತರ ಶೋಧನಸ್ಥಾನದಲ್ಲಿ ಕಳೆಯಬೇಕು ಎಂದು ಪಂಡಿತರು ಸಮಾಧಾನ ಹೇಳಿದರು.

ಇತ್ತ ಅಂತರಂಗದ ಪಕ್ಷವೂ ಪ್ರಬಲವಾಗಿತ್ತು. ೧೧೪೨ರಲ್ಲಿ ಮೃತನಾದ ಪೀಟರ್ ಅಬೆಲಾರ್ಡನು, ಪಾಪವು ಕ್ರಿಯೆಯಲ್ಲಿಲ್ಲ, ಮನಸ್ಸು ಕೆಟ್ಟದಕ್ಕೆ ಒಪ್ಪುವುದರಲ್ಲಿದೆ ಎಂದೂ, ದೇವರ ಮೇಲಣ ಪ್ರೀತಿಯಿಂದ ಹುಟ್ಟಿದ ನಿಟ್ಟುಸಿರಿನಲ್ಲಿಯೇ ಮನುಷ್ಯನು ದೇವರೊಡನೆ ಸಂಧಿಹೊಂದುವನೆಂದೂ ಬೋಧಿಸಿದನು. ಪೀಟರ್ ಲೊಂಬಾರ್ಡನು, ದೇವರು ಆಗಲೇ ಬಿಡಿಸಿದುದನ್ನು ಯಾಜಕನು ಬಿಡಿಸಿದೆಯೆಂದು ಸಾರುತ್ತಾನೆಂದು ಹೇಳಿದನು. ಹದಿಮೂರನೆಯ ಶತಮಾನದಲ್ಲಿ ಯಾಜಕನ ವಾಕ್ಯವು ‘ದೇವರು ನಿನ್ನನ್ನು ಬಿಡಿಸಲಿ’ ಎಂಬ ಪ್ರಾರ್ಥನಾರೂಪದಿಂದ ‘ನಾನು ನಿನ್ನನ್ನು ಬಿಡಿಸುತ್ತೇನೆ’ ಎಂಬ ನಿಶ್ಚಯರೂಪಕ್ಕೆ ಬಂದು ನೆಲೆಸಿತು. ಥಾಮಸ್ ಅಕ್ವಿನಾಸನು ಈ ರೂಪವನ್ನು ಸಮರ್ಥಿಸಿ ಒಂದು ಪ್ರಬಂಧವನ್ನೇ ಬರೆದನು. ಎದೆಯ ಮರುಕ, ಬಾಯ ನಿವೇದನೆ, ಕೈಯ ಪರಿಹಾರಕರ್ಮ ಎಂಬ ಮೂರಂಗಗಳ ಸಂಸ್ಕಾರವು ಈ ರೀತಿಯಲ್ಲಿ ಪೂರ್ಣರೂಪವನ್ನು ತಾಳಿತು. ೧೨೧೫ರ ನಾಲ್ಕನೆಯ ಲ್ಯಾಟೆರನ್ ಪರಿಷತ್ತು, ವಿವೇಕದ ವಯಸ್ಸಿಗೆ ಬಂದ ಪ್ರತಿಯೊಬ್ಬ ಸ್ತ್ರೀಪುರುಷರೂ ವರ್ಷಕ್ಕೊಮ್ಮೆಯಾದರೂ ತಮ್ಮ ಯಾಜಕನಿಗೆ ಪಾಪನಿವೇದನೆ ಮಾಡಬೇಕೆಂದು ಕಟ್ಟಳೆಮಾಡಿತು. ಕೇಳಿದುದನ್ನು ಹೊರಗೆಡಹಿದ ಯಾಜಕನನ್ನು ಪದಚ್ಯುತಗೊಳಿಸಿ ಆಜೀವ ತಪಸ್ಸಿಗಾಗಿ ಕಠೋರವಾದ ಮಠದಲ್ಲಿ ಇಡತಕ್ಕದ್ದೆಂದೂ ಅದೇ ಕಟ್ಟಳೆಯು ವಿಧಿಸಿತು.

ಉಳಿದ ದಂಡವನ್ನು ಸಭೆಯು ತನ್ನ ಅಧಿಕಾರದಿಂದ ಕಡಿಮೆಮಾಡಬಹುದೆಂಬುದರಿಂದ ‘ಇಂಡಲ್ಜೆನ್ಸ್’ ಎಂಬ ದಂಡವಿನಾಯಿತಿಯು ಹುಟ್ಟಿತು. ೧೦೯೫ರಲ್ಲಿ ಕ್ಲೆರ್ಮೊಂಟಿನಲ್ಲಿ ಎರಡನೆಯ ಅರ್ಬನ್ ಪೋಪನು, ಭಕ್ತಿಯಿಂದ ಜೆರೂಸಲೇಮಿನ ವಿಮೋಚನೆಗೆ ಹೊರಟವರಿಗೆ ಆ ಪ್ರಯಾಣವೇ ಸಮಸ್ತ ತಪಸ್ಸಿಗೆ ಸಮವೆಂದು ಸಾರಿದನು. ೧೩೦೦ರಲ್ಲಿ ಎಂಟನೆಯ ಬೊನಿಫೇಸನು ರೋಮಿನ ಯಾತ್ರಿಕರಿಗೆ ಮಹೋತ್ಸವವರ್ಷದ ಪೂರ್ಣವಿನಾಯಿತಿಯನ್ನು ಕೊಟ್ಟನು. ೧೩೪೩ರಲ್ಲಿ ಆರನೆಯ ಕ್ಲೆಮೆಂಟನು, ಕ್ರಿಸ್ತನ ಮತ್ತು ಸಂತರ ಪುಣ್ಯವು ಸಭೆಯ ವಶದಲ್ಲಿರುವ ಭಂಡಾರವೆಂದು ಈ ವಿನಾಯಿತಿಗೆ ಶಾಸ್ತ್ರಾಧಾರವನ್ನು ಒದಗಿಸಿದನು. ೧೪೭೬ರಲ್ಲಿ ನಾಲ್ಕನೆಯ ಸಿಕ್ಸ್ಟಸನು ಮೃತರಿಗೂ ಇದನ್ನು ವಿಸ್ತರಿಸಿದನು. ಯೂರೋಪಿನಲ್ಲಿ ಅಚ್ಚಾಗಿ ತೇದಿಯನ್ನು ಹೊತ್ತ ಅತಿ ಪ್ರಾಚೀನ ಪತ್ರಗಳಲ್ಲಿ ೧೪೫೪ರ ವಿನಾಯಿತಿಪತ್ರಗಳೂ ಸೇರಿವೆ. ಕೊಂಡವನ ಹೆಸರಿಗೂ ತೇದಿಗೂ ಅವುಗಳಲ್ಲಿ ಜಾಗವನ್ನು ಬಿಟ್ಟಿರುವುದು ಕಾಣುತ್ತದೆ. ಡೀಸಿಯಸ್ಸನ ಕಾಲದ ಪತ್ರಗಳನ್ನು ಬಲ್ಲವನಿಗೆ ಈ ದೃಶ್ಯವು ವಿಷಾದವನ್ನು ತರದಿರಲಾರದು.

ಶಾಸ್ತ್ರದ ಪ್ರಕಾರ ವಿನಾಯಿತಿಯು ಪಾಪವನ್ನು ಕ್ಷಮಿಸುವುದಿಲ್ಲ. ಮರುಗಿ ನಿವೇದಿಸಿದವನ ಉಳಿದ ದಂಡವನ್ನು ಮಾತ್ರ ಇಳಿಸುತ್ತದೆ. ಈ ಭೇದವನ್ನು ಮರೆತು ಮಧ್ಯಯುಗದ ಸಭೆಯು ಕ್ಷಮೆಯನ್ನೇ ಮಾರಿತೆಂದು ಬರೆಯುವುದು ಇತಿಹಾಸಕಾರನಿಗೆ ಉಚಿತವಲ್ಲ. ಆದರೆ ಬೀದಿಯ ಬೋಧಕನ ಬಾಯಲ್ಲಿ ಆ ಭೇದವು ಉಳಿಯಲಿಲ್ಲ. ರೋಮಿನ ಸಂತ ಪೀಟರನ ದೇವಾಲಯದ ಕಟ್ಟಡಕ್ಕಾಗಿ ೧೫೧೫ರಲ್ಲಿ ಹತ್ತನೆಯ ಲಿಯೊ ಪೋಪನು ಕೊಟ್ಟ ವಿನಾಯಿತಿಯನ್ನು ಜರ್ಮನಿಯಲ್ಲಿ ಹಂಚಿದವನು ಮೈಂಟ್ಸಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್. ಬಂದ ಹಣದಲ್ಲಿ ಅರ್ಧವು ಅವನು ಫುಗ್ಗರ್ ಮನೆತನಕ್ಕೆ ತೀರಿಸಬೇಕಾಗಿದ್ದ ಸಾಲಕ್ಕೆ ಹೋಗುವಂತೆ ಏರ್ಪಾಡಾಗಿತ್ತು. ಮೃತರಿಗಾಗಿ ಹಣ ಕೊಡುವವರಿಗೆ ಮರುಕವೂ ನಿವೇದನೆಯೂ ಅಗತ್ಯವಿಲ್ಲವೆಂದು ಅವನ ಬೋಧಕರಿಗಿತ್ತ ಸೂಚನೆಯಲ್ಲಿದೆ. ಋಣವಿಮೋಚನೆಯೆಂದು ಮೊದಲಾದ ಕ್ಷಮೆಯ ಕಥೆಯಲ್ಲಿ ಬ್ಯಾಂಕಿನ ಋಣವೂ ಸೇರಿಕೊಂಡಿತು.

೫

ಇಷ್ಟರಲ್ಲಿ ಪಂಡಿತರು ಗ್ರೀಕ್ ಮೂಲವನ್ನು ತೆರೆದಿದ್ದರು. ಲೊರೆಂಜೊ ವಲ್ಲನು ಹೊಸ ಒಡಂಬಡಿಕೆಯ ಲ್ಯಾಟಿನ್ ಪಾಠವನ್ನು ಗ್ರೀಕಿನೊಡನೆ ಹೋಲಿಸಿ ಬರೆದಿಟ್ಟ ಟಿಪ್ಪಣಿಗಳನ್ನು ಎರಾಸ್ಮಸನು ೧೫೦೫ರಲ್ಲಿ ಅಚ್ಚುಹಾಕಿಸಿದನು. ೧೫೧೬ರಲ್ಲಿ ಅವನೇ ಗ್ರೀಕ್ ಹೊಸ ಒಡಂಬಡಿಕೆಯನ್ನು ತನ್ನ ಲ್ಯಾಟಿನ್ ಅನುವಾದದೊಡನೆ ಬಾಸೆಲಿನಲ್ಲಿ ಪ್ರಕಟಿಸಿ, ಮೆತನೊಯವನ್ನು ವಿಧಿಸಲ್ಪಟ್ಟ ತಪಸ್ಸೆಂದು ತಿಳಿಯುವುದು ತಪ್ಪೆಂದೂ, ಬುದ್ಧಿಗೆ ತಿರುಗಿ ಬರುವುದೆಂದೇ ಅರ್ಥಮಾಡಬೇಕೆಂದೂ ವಾದಿಸಿದನು.

೧೫೧೭ರ ಅಕ್ಟೋಬರ್ ೩೧ರಂದು ಮಾರ್ಟಿನ್ ಲೂಥರನು ಆಲ್ಬ್ರೆಕ್ಟನಿಗೆ ಕಳುಹಿಸಿದ ತೊಂಬತ್ತೈದು ಪ್ರಮೇಯಗಳು ಮೊದಲಾಗುವುದು ಹಣದ ಮಾತಿನಿಂದಲ್ಲ, ಈ ಶಬ್ದದಿಂದ. ಕ್ರಿಸ್ತನು ಪೆನಿಟೆನ್ಷಿಯವನ್ನು ಮಾಡಿರೆಂದಾಗ ಭಕ್ತನ ಇಡಿಯ ಬಾಳೇ ಅದಾಗಬೇಕೆಂದು ಬಯಸಿದನೆಂಬುದು ಮೊದಲನೆಯ ಪ್ರಮೇಯದ ತಾತ್ಪರ್ಯ. ಅದನ್ನು ಯಾಜಕರು ನಡಸುವ ನಿವೇದನ-ಪರಿಹಾರಗಳ ಸಂಸ್ಕಾರವೆಂದು ತಿಳಿಯಲಾಗದೆಂಬುದು ಎರಡನೆಯದರ ತಾತ್ಪರ್ಯ. ಅನೇಕರು ಗಮನಿಸದೆ ಬಿಡುವ ಮೂರನೆಯ ಪ್ರಮೇಯವಾದರೋ, ಅದು ಅಂತರಂಗದಲ್ಲಿ ಮಾತ್ರ ಇರುವಂಥದೂ ಅಲ್ಲ, ಹೊರಗೆ ದೇಹದ ಸಂಯಮವಾಗಿ ಕಾಣದ ಅಂತರಂಗವು ಬರಿದು ಎಂದು ಹೇಳುತ್ತದೆ. ಮರುವರ್ಷ ಮೇ ೩೦ರಂದು ತನ್ನ ಗುರುವಾದ ಸ್ಟೌಪಿಟ್ಸನಿಗೆ ಬರೆದ ಕಾಗದದಲ್ಲಿ ಲೂಥರನು, ಒಂದು ಕಾಲದಲ್ಲಿ ತನಗೆ ಎಲ್ಲಕ್ಕಿಂತ ಕಹಿಯಾಗಿದ್ದ ಈ ಶಬ್ದವು, ದೇವರ ಪ್ರೀತಿಯಿಂದ ಮೊದಲಾದುದೇ ನಿಜವಾದ ಪಶ್ಚಾತ್ತಾಪವೆಂದು ಗುರುವಿನಿಂದ ಕೇಳಿದ ಮೇಲೆ ಸಿಹಿಯಾಯಿತೆಂದೂ, ಗ್ರೀಕ್ ಬಲ್ಲವರಿಂದ ಮೆತನೊಯದ ಅರ್ಥವನ್ನು ಕಲಿತಾಗ ಅದು ದೃಢವಾಯಿತೆಂದೂ ತಿಳಿಸಿದ್ದಾನೆ. ಒಂದು ಶಬ್ದದ ಅರ್ಥವು ಒಬ್ಬ ಮನುಷ್ಯನ ಬಾಳನ್ನೂ ಅವನ ಮೂಲಕ ಒಂದು ಖಂಡದ ಇತಿಹಾಸವನ್ನೂ ಇಷ್ಟು ತಿರುಗಿಸಿದ ಉದಾಹರಣೆಗಳು ವಿರಳ.

೧೫೨೦ರ ಡಿಸೆಂಬರ್ ೧೦ರಂದು ವಿಟೆನ್‌ಬರ್ಗಿನಲ್ಲಿ ಪೋಪನ ಶಾಸನವನ್ನು ಸುಟ್ಟಾಗ, ಪಾಪನಿವೇದನೆಯನ್ನು ಕೇಳುವ ಯಾಜಕರಿಗಾಗಿ ಬರೆದ ಒಂದು ಪ್ರಸಿದ್ಧ ಕೈಪಿಡಿಯೂ ಬೆಂಕಿಗೆ ಬಿತ್ತು. ಆದರೂ ಲೂಥರನು ಪಾಪನಿವೇದನೆಯನ್ನು ತೊರೆಯಲಿಲ್ಲ. ೧೫೩೦ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟನೆಯು, ಎಲ್ಲ ಪಾಪಗಳನ್ನೂ ಎಣಿಸಿ ಹೇಳುವ ಅಗತ್ಯವಿಲ್ಲವೆಂದರೂ ಖಾಸಗಿ ವಿಮೋಚನೆಯನ್ನು ಸಭೆಗಳಲ್ಲಿ ಉಳಿಸಿಕೊಳ್ಳಬೇಕೆಂದು ಹೇಳಿತು. ನಿನ್ನನ್ನು ಕ್ಷಮಿಸಿದೆಯೆಂದು ಮತ್ತೊಬ್ಬ ಮನುಷ್ಯನ ಬಾಯಿಂದ ಕೇಳುವುದು ಕುಗ್ಗಿದ ಮನಸ್ಸಿಗೆ ಅವಶ್ಯಕವೆಂಬುದನ್ನು ಅವನು ಸ್ವಾನುಭವದಿಂದ ಬಲ್ಲವನಾಗಿದ್ದನು.

ರೋಮಿನ ಪಕ್ಷವು ಟ್ರೆಂಟಿನ ಪರಿಷತ್ತಿನಲ್ಲಿ ೧೫೫೧ರ ನವೆಂಬರ್ ೨೫ರಂದು ಉತ್ತರವನ್ನು ಕೊಟ್ಟಿತು. ಮರುಕ, ನಿವೇದನೆ, ಪರಿಹಾರ ಎಂಬ ಮೂರಂಗಗಳನ್ನೂ, ವಿಮೋಚನೆಯು ನ್ಯಾಯಾಧಿಪತಿಯ ತೀರ್ಪಿನಂಥದೆಂಬುದನ್ನೂ ಅದು ಎತ್ತಿಹಿಡಿಯಿತು. ಅದರೊಡನೆ, ಹಿಂದಿನ ಬಾಳಿನಲ್ಲಿ ಹೇಸಿಕೆಯೂ ಮುಂದೆ ಪಾಪಮಾಡೆನೆಂಬ ಸಂಕಲ್ಪವೂ ಇಲ್ಲದ ಮರುಕವು ಮರುಕವೇ ಅಲ್ಲವೆಂದೂ ಹೇಳಿತು. ವಿನಾಯಿತಿಯ ಹಣವನ್ನು ಕೂಡಿಸುವವರ ಹುದ್ದೆಯನ್ನು ೧೫೬೨ರಲ್ಲಿ ಅದೇ ಪರಿಷತ್ತು ರದ್ದುಮಾಡಿತು. ೧೯೯೯ರ ಅಕ್ಟೋಬರ್ ೩೧ರಂದು ಲೂಥರನ್ ಮತ್ತು ಕ್ಯಾಥೊಲಿಕ್ ಸಭೆಗಳು ಆಗ್ಸ್‌ಬರ್ಗಿನಲ್ಲಿ, ಮನುಷ್ಯನು ನೀತಿವಂತನೆನಿಸುವುದು ದೇವರ ಕೃಪೆಯಿಂದಲೇ ಎಂಬ ಸಮ್ಮತಿಪತ್ರಕ್ಕೆ ರುಜುಹಾಕಿದುವು. ಪಾಪನಿವೇದನಸಂಸ್ಕಾರದ ವಿಷಯದ ಭೇದಗಳು ಅದರಿಂದ ಅಳಿಯಲಿಲ್ಲ.

೬

ಕನ್ನಡದಲ್ಲಿ ಈ ಶಬ್ದವನ್ನು ಹೇಳಹೊರಟವರಿಗೂ ಅದೇ ತೊಡಕು ಎದುರಾಯಿತು. ‘ಪಶ್ಚಾತ್ತಾಪ’ವೆಂದರೆ ಅನಂತರದ ಬೇಗೆ, ಅದು ಭಾವವನ್ನು ಹೇಳುತ್ತದೆ, ತಿರುಗುವುದನ್ನು ಹೇಳುವುದಿಲ್ಲ. ‘ಪ್ರಾಯಶ್ಚಿತ್ತ’ವು ಕರ್ಮವನ್ನು ಹೇಳುತ್ತದೆ. ಕನ್ನಡ ಬೈಬಲ್ಲಿನ ಒಂದು ಪಾಠದಲ್ಲಿ ಕಾಣುವ ‘ಮಾನಸಾಂತರ’ವು ಗ್ರೀಕ್ ಶಬ್ದದ ನೇರವಾದ ಪ್ರತಿಬಿಂಬ. ಮತ್ತೊಂದು ಪಾಠವು ದೇವರ ಕಡೆಗೆ ತಿರುಗಿಕೊಳ್ಳುವ ಮಾತನ್ನು ಬಳಸಿ, ಗ್ರೀಕನ್ನು ದಾಟಿ ಹೀಬ್ರೂ ಧಾತುವಿನ ಬಳಿಗೇ ಹೋಗಿ ನಿಂತಿದೆ. ತಿರುಗಿಕೊಳ್ಳುವುದು ದೇಹದಿಂದಲೂ ಆಗಬಹುದು, ಮನಸ್ಸಿನಿಂದಲೂ ಆಗಬಹುದು. ಆದಕಾರಣ ಈ ಅಚ್ಚಗನ್ನಡ ಕ್ರಿಯಾಪದವು ಒಳಹೊರಗುಗಳೆರಡನ್ನೂ ಒಡೆಯದೆ ಹಿಡಿದಿದೆಯೆಂದು ನನಗೆ ತೋರುತ್ತದೆ.

ಸಿಪ್ರಿಯನ್ನನೂ ನೊವೇಷಿಯನ್ನನೂ ಬೇರೆಯಾದ ಪ್ರಶ್ನೆಯನ್ನು ಕನ್ನಡನಾಡಿನ ಶಾಸ್ತ್ರಕಾರನೊಬ್ಬನು ಬೇರೊಂದು ಪ್ರಪಂಚದಲ್ಲಿ ಸ್ವತಂತ್ರವಾಗಿ ಚರ್ಚಿಸಿದ್ದಾನೆಂಬುದನ್ನು ಇಲ್ಲಿ ಸ್ಮರಿಸಬಹುದು. ಅಬೆಲಾರ್ಡನಿಗೆ ಸುಮಾರಾಗಿ ಸಮಕಾಲದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರೆಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ, ಪಾಪಕ್ಕೆ ಎರಡು ಶಕ್ತಿಗಳುಂಟೆಂದು ಹೇಳುತ್ತಾನೆ. ನರಕವನ್ನು ಉಂಟುಮಾಡುವುದು ಒಂದು, ಇತರರೊಡನೆ ವ್ಯವಹಾರವನ್ನು ತಡೆಯುವುದು ಮತ್ತೊಂದು. ತಿಳಿದೂ ಮಾಡಿದ ಮಹಾಪಾಪದಲ್ಲಿ ಪ್ರಾಯಶ್ಚಿತ್ತವು ಮೊದಲನೆಯದನ್ನು ಕಳೆಯಲಾರದಾದರೂ ಎರಡನೆಯದನ್ನು ಕಳೆದು, ಮನುಷ್ಯನನ್ನು ವ್ಯವಹಾರಯೋಗ್ಯನನ್ನಾಗಿ ಮಾಡುತ್ತದೆಂದು ಅವನ ನಿರ್ಣಯ. ನೊವೇಷಿಯನ್ನನ ಮತವನ್ನು ತಲೆಕೆಳಗುಮಾಡಿದರೆ ಇದಾಗುತ್ತದೆ. ಅವನು ಕ್ಷಮೆಯನ್ನು ದೇವರಿಗೆ ಬಿಟ್ಟು ಮನುಷ್ಯರ ಬಾಗಿಲನ್ನು ಮುಚ್ಚಿದನು. ಇವನು ಪರಲೋಕದ ಲೆಕ್ಕವನ್ನು ಹಾಗೆಯೇ ಬಿಟ್ಟು ಮನುಷ್ಯರ ಬಾಗಿಲನ್ನು ತೆರೆದನು. ಎರಡು ಸಂಪ್ರದಾಯಗಳ ಮೂಲತತ್ತ್ವಗಳು ಬೇರೆಯಾದುದರಿಂದ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ.

ಒಟ್ಟಿನಲ್ಲಿ, ಹೊರಗಿನ ಕರ್ಮವೊಂದೇ ಉಳಿದಾಗ ಅದು ಸುಂಕದ ಪಟ್ಟಿಯಾಯಿತೆಂಬುದನ್ನು ಹದಿನಾರನೆಯ ಶತಮಾನವು ತೋರಿಸಿಕೊಟ್ಟಿದೆ. ಒಳಗಿನ ಮರುಕವೊಂದೇ ಸಾಕೆಂದು ಬಿಟ್ಟಾಗ, ಬಿದ್ದವನನ್ನು ಎದ್ದು ಬಾರೆಂದು ಕರೆಯಲು ಸಭೆಗೆ ಭಾಷೆಯೇ ಇಲ್ಲದಂತಾಗುವುದೆಂಬುದನ್ನು ಮೂರನೆಯ ಶತಮಾನವು ತೋರಿಸಿಕೊಟ್ಟಿತ್ತು. ಕಾರ್ತೇಜಿನ ಬಾಗಿಲಲ್ಲಿ ನಿಂತಿದ್ದ ಜನರಿಗೆ ದೇವರು ತಮ್ಮನ್ನು ಕ್ಷಮಿಸಬಲ್ಲನೆಂಬುದು ತಿಳಿದಿತ್ತು. ತಮ್ಮೊಡನೆ ಮತ್ತೆ ಒಂದೇ ರೊಟ್ಟಿಯನ್ನು ಮುರಿಯುವವರು ಉಂಟೇ ಎಂಬುದನ್ನು ಕೇಳಲು ಅವರು ಬಂದಿದ್ದರು.